ಸೀಲ್ ಇಲ್ಲದ ಚೀಟಿ, ನಿಲ್ಲುತ್ತಿದ್ದ ಉಸಿರು

ದೊಡ್ಡಪ್ಪನ ತುಟಿ ನೀಲಿಗಟ್ಟಿತ್ತು. ಕ್ಯಾನ್ಸರ್ ನೋವಿಗೆಂದು ಬೆನ್ನಿಗೆ ಅಂಟಿಸಿದ್ದ ಔಷಧದ ಪ್ಯಾಚ್ ಮೇಲೆ ದೊಡ್ಡಮ್ಮ ಅಕ್ಕರೆಯಿಂದ ಬಿಸಿ ಉಪ್ಪಿನ ಶಾಖ ಕೊಟ್ಟಿದ್ದರು. ಔಷಧವೆಲ್ಲ ಒಮ್ಮೆಲೇ ಮೈಗಿಳಿದು ಉಸಿರು ಕುಗ್ಗಿತ್ತು. ಫೋನಿನಲ್ಲಿ ಡಾಕ್ಟರು, "ಪ್ಯಾಚ್ ಕಿತ್ತುಹಾಕಿ. ಆಂಬುಲೆನ್ಸ್ ಬರೋದ್ರೊಳಗೆ ಅದರ ಅಮಲು ಇಳಿಸೋ ನಲೋಕ್ಸೋನ್ ಇಂಜೆಕ್ಷನ್ ತನ್ನಿ, ಪಕ್ಕದ್ಮನೆ ನರ್ಸ್ ಕೊಡಲಿ" ಎಂದು ಮೊಬೈಲಿಗೇ ಚೀಟಿ ಕಳಿಸಿದರು.

ಬಾಣಾವರದ ಮೆಡಿಕಲ್ ಸ್ಟೋರಿಗೆ ಓಡಿದೆ. ಮಾಲೀಕರು ಮೊಬೈಲನ್ನು ದೂರದಿಂದಲೇ ನೋಡಿ, "ಸೀಲ್ ಎಲ್ಲೈತೆ? ರೂಲ್ಸ್ ಅಂದ್ರೆ ರೂಲ್ಸ್ ಕಣಮ್ಮ" ಎಂದರು. ಹಾಗೆನ್ನುತ್ತಲೇ ಪಕ್ಕದಲ್ಲಿದ್ದವರಿಗೆ ಚೀಟಿಯ ಮಾತೇ ಎತ್ತದೆ ನಿದ್ದೆ ಮಾತ್ರೆ ಕತ್ತರಿಸಿ ಕೊಟ್ಟರು. "ಇವ್ರು ಗೊತ್ತಿರೋರು" ಎಂಬ ವಿವರಣೆ ಬೇರೆ.

"ಅಲ್ಲಿ ಉಸಿರು ನಿಲ್ತಾ ಇದೆ" ಎಂದೆ.

"ನಾಳೆ ಇನ್‌ಸ್ಪೆಕ್ಟ್ರು ಬಂದ್ರೆ ಉತ್ತರ ಹೇಳಕ್ಕೆ ನೀವು ಬತ್ತೀರಾ?"

ಬರಿಗೈಯಲ್ಲಿ ಮರಳುವಷ್ಟರಲ್ಲಿ ಆಂಬುಲೆನ್ಸ್ ಬಂದಿತ್ತು. ಅದರಲ್ಲಿದ್ದವರು ದಾರಿಯುದ್ದಕ್ಕೂ ಮುಖಕ್ಕೆ ಮಾಸ್ಕ್ ಹಿಡಿದು, ಗಾಳಿಚೀಲ ಒತ್ತಿ ಉಸಿರು ಕೊಟ್ಟರು. ಅರಸೀಕೆರೆಯ ಆಸ್ಪತ್ರೆಯಲ್ಲಿ ಅದೇ ಇಂಜೆಕ್ಷನ್ ಚುಚ್ಚಿದ ಮೇಲೆ ದೊಡ್ಡಪ್ಪ ಕಣ್ಣು ಬಿಟ್ಟು, "ಯಾರ್ಲಾ ನಿದ್ದೆ ಕೆಡಿಸ್ದೋನು" ಎಂದು ಗದರಿದರು.

ಮುಂದಿನ ವಾರ, ಮನೆಯಲ್ಲೊಂದು ಆ ಇಂಜೆಕ್ಷನ್ ಇರಲೆಂದು, ಸಹಿ, ಸೀಲ್ ಎಲ್ಲ ಇರುವ ಚೀಟಿಯನ್ನು ಅದೇ ಅಂಗಡಿಗೆ ಒಯ್ದೆ. ಮಾಲೀಕರು ಕನ್ನಡಕ ಏರಿಸಿ ಪೂರ್ತಿ ಓದಿ, "ಈಗ ಸರಿಯಾಗೈತೆ ನೋಡಿ" ಎಂದು ಮೆಚ್ಚಿದರು. "ಆದ್ರೆ ಈ ಇಂಜೆಕ್ಷನ್ ನಾವು ಯಾವತ್ತೂ ಇಟ್ಟಿಲ್ಲ ಕಣಮ್ಮ. ಇಲ್ಲಿ ಯಾರು ಕೇಳ್ತಾರೆ?"

ಆ ಚೀಟಿ ನನ್ನ ಬ್ಯಾಗಿನಲ್ಲೇ ಇದೆ. ದೊಡ್ಡಪ್ಪ ಮಧ್ಯಾಹ್ನ ಸ್ವಲ್ಪ ಹೆಚ್ಚು ಹೊತ್ತು ಮಲಗಿದರೂ ಹೋಗಿ, ಎದೆ ಏರಿಳಿಯುವುದನ್ನು ನೋಡಿ ಬರುತ್ತೇನೆ.