ಇಸ್ತ್ರಿ ಕಾಕನ ಕಪ್ಪು ಬಿಳುಪು ಫೋಟೊ

ಗಲ್ಫಿನ ಮಂಗಫ್‌ನಲ್ಲಿ ನಮ್ಮ ಕಟ್ಟಡದ ಕೆಳಗೇ ಒಂದು ಲಾಂಡ್ರಿ ಇತ್ತು. ಅಲ್ಲಿ ಇಸ್ತ್ರಿ ಹಾಕುತ್ತಿದ್ದವರು ಉಳ್ಳಾಲದ ಕಡೆಯ ಒಬ್ಬ ಬ್ಯಾರಿ. ನಾವೆಲ್ಲ ಅವರನ್ನು ಕಾಕ ಎನ್ನುತ್ತಿದ್ದೆವು. ಅವರ ಮನೆಮಾತು ಬ್ಯಾರಿ, ನನ್ನದು ಕೊಂಕಣಿ. ನಡುವೆ ಊರಿನ ಕನ್ನಡ. ಪಕ್ಕದೂರು ಅಹ್ಮದಿಯ ಕಂಪೆನಿಗೆ ಕೆಲಸಕ್ಕೆ ಹೋಗುವ ನನ್ನ ಗಂಡನ ಅಂಗಿಗಳಿಗಿಂತ ಹೆಚ್ಚು ಸುದ್ದಿಯನ್ನು ನಾನು ಆ ಅಂಗಡಿಯಿಂದ ಹೊತ್ತು ತರುತ್ತಿದ್ದೆ.

ಆ ಚಳಿಗಾಲದಲ್ಲಿ ನನಗೆ ಕ್ಯಾಮೆರಾದ ಹುಚ್ಚು ಹಿಡಿದಿತ್ತು. ಬೀದಿಯಲ್ಲಿ ಗುರುತಿಲ್ಲದವರತ್ತ ಅದನ್ನು ಎತ್ತುವ ಧೈರ್ಯವಿರಲಿಲ್ಲ. ಆ ಊರಲ್ಲಿ ಎತ್ತಲೂಬಾರದು. ಹಾಗಾಗಿ ಬೆಕ್ಕು, ಖರ್ಜೂರದ ಮರ, ನಿಂತ ಬಸ್ಸು, ಇಷ್ಟೇ ನನ್ನ ಪಾಲಿಗೆ. ಒಂದು ಶುಕ್ರವಾರ ರಾತ್ರಿಯ ನಮಾಜು ಮುಗಿಸಿ ಬಂದ ಕಾಕ, ಸುಲೈಮಾನಿ ಚಹಾದ ಗ್ಲಾಸು ಹಿಡಿದು ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ಒಳಗಿನಿಂದ ಇಸ್ತ್ರಿಯ ಹಬೆ, ಮೇಲಿನಿಂದ ಬೋರ್ಡಿನ ಬೆಳಕು. ನನ್ನನ್ನು ಕಂಡು ಏನೋ ಹೇಳಲು ತಲೆಯೆತ್ತಿದರು. ನಾನು ಕ್ಲಿಕ್ಕಿಸಿಬಿಟ್ಟೆ.

“ಎಂತ ಅಕ್ಕ, ಮೊದ್ಲೇ ಹೇಳುದಲ್ವಾ? ಅಂಗಿಯಾದ್ರೂ ಬದಲಿಸ್ತಿದ್ದೆ!”

ಅವರು ಹೇಳಿದ್ದು ಸುಮ್ಮನೆ ಅಲ್ಲ. ಗಲ್ಫಿನಿಂದ ಊರಿಗೆ ಕಳಿಸುವ ಫೋಟೊಕ್ಕೆ ನಮ್ಮವರಲ್ಲಿ ಒಂದು ಪದ್ಧತಿಯೇ ಇತ್ತು. ಒಳ್ಳೆ ಅಂಗಿ ಬೇಕು, ಹಗಲು ಬೆಳಕು ಬೇಕು, ಯಾರದ್ದಾದರೂ ಕಾರಿಗೆ ಒರಗಿ ನಿಲ್ಲಬೇಕು. ರಜೆಗೆ ಹೊರಡುವ ಹಿಂದಿನ ದಿನ ತಲೆಗೆ ಕಪ್ಪು ಹಚ್ಚುವುದಂತೂ ಟಿಕೆಟಿನಷ್ಟೇ ಮುಖ್ಯ. ನನ್ನ ಗಂಡನೂ ಇದಕ್ಕೆ ಹೊರತಲ್ಲ. ನಮ್ಮ ಬಚ್ಚಲಿನ ಟೈಲ್ಸಿನ ಕಲೆಗಳೇ ಸಾಕ್ಷಿ.

ಮರುದಿನ ಕಂಪ್ಯೂಟರಿನ ಮುಂದೆ ಕೂತು ಫೋಟೊದ ಬಣ್ಣ ತೆಗೆದೆ. ತೆಗೆದದ್ದೇ ತಡ, ಹಸಿರು ಬೋರ್ಡು, ಕೆಂಪು ಬಕೆಟ್ಟು ಎಲ್ಲ ಹಿಂದೆ ಸರಿದು ಮುಖವೊಂದೇ ಉಳಿಯಿತು. ಅಂಗಡಿಯ ಒಳಗನ್ನು ಇನ್ನಷ್ಟು ಕತ್ತಲು ಮಾಡಿದೆ, ಹಬೆಯನ್ನು ಚೂರು ಬೆಳಗಿಸಿದೆ. ಮುಖವನ್ನು ಮಾತ್ರ ಮುಟ್ಟಲಿಲ್ಲ. ಕಣ್ಣಿನ ಕೆಳಗಿನ ಚೀಲಗಳು, ಹಣೆಯ ಗೆರೆಗಳು, ಬಣ್ಣ ಮಾಸಿ ಬುಡದಲ್ಲಿ ಬಿಳಿಯಾದ ಕೂದಲು ಎಲ್ಲ ಹಾಗೇ ಇದ್ದವು. ನನಗಂತೂ ಹೆಮ್ಮೆಯೋ ಹೆಮ್ಮೆ.

ಕಾಕನಿಗೆ ತೋರಿಸಿದರೆ ಅವರು ಬಹಳ ಹೊತ್ತು ನೋಡಿದರು.

“ಇದು ನಾನಾ? ಕೂದಲು ಕಪ್ಪು ಮಾಡ್ಲಿಕ್ಕೆ ಆಗ್ತದಾ ಅಕ್ಕ? ಕಣ್ಣಿನ ಕೆಳಗೆ ಸ್ವಲ್ಪ ಸಾಫ್?”

ನನಗೆ ಮೈ ಉರಿಯಿತು. “ನಿಮ್ಮ ವಯಸ್ಸು ಮನೆಯವರಿಗೆ ಗೊತ್ತಿಲ್ವಾ?” ಎಂದೆ.

ಅವರು ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟರು. “ಗೊತ್ತಿಲ್ಲ ಅಂತ್ಲೇ ಹೇಳ್ಬೇಕು. ನಿಂತು ನಿಂತು ಕಾಲು ಬರುದಿಲ್ಲ ಈಗ. ಖಲಾಸ್, ಬಂದುಬಿಡ್ತೇನೆ ಅಂತ ಫೋನಲ್ಲಿ ಹೇಳ್ತೇನೆ. ಫೋಟೊದಲ್ಲಿ ಗಟ್ಟಿಮುಟ್ಟು ಕಾಣ್ತೀರಲ್ಲ, ಇನ್ನೊಂದು ವರ್ಷ ನಿಲ್ಲಿ ಅಂತಾಳೆ ನಮ್ಮವಳು. ಪ್ರತಿ ವರ್ಷ ಇದೇ.”

“ಮತ್ತೆ ಕೂದಲು ಕಪ್ಪು ಮಾಡಿ ಅಂತ ಯಾಕೆ ಕೇಳ್ತೀರಿ ಮಾರಾಯ್ರೆ?”

“ಅಭ್ಯಾಸ,” ಎಂದು ನಕ್ಕರು.

ಮನೆಗೆ ಬಂದು ಸಿಟ್ಟಿನಲ್ಲೇ ಇನ್ನೊಂದು ಪ್ರತಿ ಮಾಡಿದೆ. ಕೂದಲಿಗೆ ಕಪ್ಪು ಬಳಿದೆ, ಗೆರೆಗಳನ್ನು ಒರೆಸಿದೆ. ಕಾಕ ಮದುವೆ ಆಲ್ಬಮ್ಮಿನ ಮದುಮಗನಂತಾದರು. ಎರಡನ್ನೂ ಅವರ ಫೋನಿಗೆ ಕಳಿಸಿ, ಯಾವುದು ಬೇಕೋ ಅದನ್ನು ಊರಿಗೆ ಕಳಿಸಿ ಎಂದೆ. ಅವರು ತಲೆಯಾಡಿಸಿದರು, ಅಷ್ಟೆ. ಆಮೇಲೆ ಅಂಗಿ ಕೊಡಲು ಹೋದಾಗಲೆಲ್ಲ ಕೇಳಬೇಕೆನಿಸುತ್ತಿತ್ತು. ಬಾಯಿ ಬಿಗಿ ಹಿಡಿದೆ, ನನ್ನ ಮಟ್ಟಿಗೆ ಅದು ಸಣ್ಣ ಸಾಹಸವಲ್ಲ.

ಕೊನೆಗೊಂದು ಸಂಜೆ ಅವರೇ ಕರೆದು, ಹೆಂಡತಿ ಕಳಿಸಿದ್ದ ಧ್ವನಿ ಸಂದೇಶ ಕೇಳಿಸಿದರು. ಜೋರಾದ ಬ್ಯಾರಿ, ನನಗೆ ಅರ್ಧ ಹತ್ತಲಿಲ್ಲ.

“ಎಂತ ಹೇಳ್ತಾರೆ ಕಾಕ?”

“ಫೋಟೊದಲ್ಲಿರುವ ಈ ಮುದುಕ ಯಾರು ಅಂತ ಕೇಳ್ತಾಳೆ.” ಅವರು ಫೋನನ್ನು ಜೇಬಿಗೆ ಹಾಕಿಕೊಂಡರು. “ಯಾರಾದ್ರೂ ಸರಿ, ಅವನನ್ನು ಬೇಗ ಮನೆಗೆ ಕಳಿಸಿ ಅಂತ.”

ನನ್ನ ಕಣ್ಣು ತುಂಬಿತು. ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ.

ಅವರ ವಾಸದ ಪರವಾನಗಿ ಇಕಾಮಾ ರದ್ದಾಗಿ ಕಾಗದಪತ್ರ ಎಲ್ಲ ಮುಗಿಯುವಷ್ಟರಲ್ಲಿ ಸೆಕೆ ಶುರುವಾಗಿತ್ತು. ಹೊರಡುವ ಮುನ್ನ ಕಾಕ ನಮ್ಮ ಮನೆಗೆ ಬಂದರು. ನಮ್ಮ ಯಜಮಾನರು ಅವರಿಗೆಂದು ಪದ್ಧತಿಯಂತೆ ಹೇರ್ ಡೈ ಪ್ಯಾಕೆಟ್ಟೊಂದನ್ನು ತಂದಿಟ್ಟಿದ್ದರು. ಬಾಗಿಲು ತೆರೆದರೆ ಕಾಕನ ತಲೆ ಪೂರ್ತಿ ಬೆಳ್ಳಗಿತ್ತು. ಪ್ಯಾಕೆಟ್ಟನ್ನು ನೋಡಿದ ಅವರು ಅದನ್ನು ಮೆಲ್ಲಗೆ ನಮ್ಮವರ ಕೈಗೇ ಮರಳಿಸಿದರು.

“ನೀವೇ ಇಟ್ಕೊಳ್ಳಿ ಭಾಯಿ. ನಿಮಗೆ ಇನ್ನೂ ಇಲ್ಲಿ ವರ್ಷ ಉಂಟಲ್ಲ.”

ನಮ್ಮವರು ನಕ್ಕರು. ನನಗೆ ನಗು ಬರಲಿಲ್ಲ, ಊರಿಗೆ ಹೊರಟ ಆ ಬಿಳಿ ತಲೆ ಕಂಡು ಹೊಟ್ಟೆಕಿಚ್ಚಾಯಿತು.