ಮೂರು ಸಲ ಬಿಚ್ಚಿದ ಏರ್ ಹಾರ್ನ್

೨೦೧೭ರ ಬೇಸಿಗೆ. ಇಂಡಿಯಲ್ಲಿ ನಾನು ಆಟೋ ಎಲೆಕ್ಟ್ರಿಕ್ ಅಂಗಡಿ ತೆರೆದು ಎಂಟು ತಿಂಗಳಾಗಿತ್ತು. ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ‘ಬಿ.ಇ.’ ಎಂದು ಬರೆಸಿದ್ದೆ, ಹೆಸರಿಗಿಂತ ಒಂದು ಬೆರಳು ದೊಡ್ಡದಾಗಿಯೇ. ಅದರಲ್ಲಿ ನಾಚಿಕೆಪಡುವಂಥದ್ದು ನನಗೆ ಆಗಲೂ ಕಂಡಿರಲಿಲ್ಲ, ಈಗಲೂ ಕಾಣುವುದಿಲ್ಲ. ನಮ್ಮಪ್ಪ ನಾಲತವಾಡದ ಪೇಟೆಯಲ್ಲಿ ಚೀಲ ಹೊರುತ್ತಿದ್ದವರು. ನಮ್ಮ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದವನು ನಾನೇ ಮೊದಲು. ಕಂಟ್ರೋಲ್ ಸಿಸ್ಟಮ್ಸ್ ಎಂಬ ಒಂದೇ ವಿಷಯಕ್ಕೆ ನಾಲ್ಕು ಸಲ ಪರೀಕ್ಷೆಗೆ ಕೂತು ಗಳಿಸಿದ ಎರಡು ಅಕ್ಷರ ಅವು.

ಅಂಗಡಿಯಲ್ಲಿ ನನ್ನ ಜೊತೆ ಇದ್ದವನು ಶ್ರೀಶೈಲಣ್ಣ. ನನಗಿಂತ ಹದಿನೈದು ವರ್ಷ ದೊಡ್ಡವನು, ಓದಿದ್ದು ಏಳನೇ ಇಯತ್ತೆ. ಪುಸ್ತಕದಲ್ಲಿ ವೈರಿಂಗ್ ಕಲಿತು ಬಂದಿದ್ದ ನನಗೆ ನಿಜವಾದ ವೈರಿಂಗ್ ಕಲಿಸಿದವನೂ ಅವನೇ. ಮೊದಲು ನಮ್ಮೆದುರಿನ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ನನ್ನ ತಲೆ ಕೆಡಿಸಿದ್ದು ಇದೇ ಸಂಗತಿ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಗೊಳಸಂಗಿಯ ಸಂಗಪ್ಪ ಪಿಕಪ್ ತಂದ. ಐವತ್ತರ ಮೇಲಿನ ಆಳು. ಇಂಡಿಯ ಲಿಂಬೆಹಣ್ಣು ತುಂಬಿಕೊಂಡು ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಹೊಡೆಯುತ್ತಿದ್ದ. ಆ ಕಡೆಯ ಪಿಕಪ್ ಡ್ರೈವರುಗಳೆಲ್ಲ ಅವನ ಮಾತು ಕೇಳುತ್ತಿದ್ದರು. ಬಲಗಡೆಯ ಇಂಡಿಕೇಟರ್ ಮಿನುಗಿಸುತ್ತ ಎಡಗಡೆಯ ನನ್ನ ಅಂಗಡಿಗೆ ಹೊಕ್ಕ. ಬೇಪರ್ವಾ ಮನುಷ್ಯ ಅಂದುಕೊಂಡೆ.

“ಕಂಪನಿ ಹಾರ್ನ್ ಸತ್ತೈತ್ರಿ ಸಾಹೇಬ್ರ. ಏರ್ ಹಾರ್ನ್ ಕುಂದ್ರಸ್ರಿ” ಎಂದ.

ಒತ್ತಿ ನೋಡಿದೆ. ಗಾಡಿಯ ಜೊತೆಗೇ ಬಂದಿದ್ದ ಕಂಪನಿ ಹಾರ್ನ್ ಸರಿಯಾಗಿಯೇ ಕೂಗಿತು. ನನಗೆ ಮೊದಲ ಅನುಮಾನ ಬಂದದ್ದು ಆಗ. ಜೀವಂತ ಹಾರ್ನ್ ಸತ್ತಿದೆ ಎನ್ನುವವನಿಗೆ ದೊಡ್ಡ ಹಾರ್ನ್ ಯಾಕೆ ಬೇಕು? ಯಾವ ಊರಿಗೆ, ಯಾವ ಹೊತ್ತಿಗೆ ಲೋಡ್ ಒಯ್ಯುತ್ತೀರಿ ಎಂದು ಕೇಳಿದೆ. “ನಾಕು ವರ್ಷ ಆತ್ರಿ” ಎಂದ. ಮತ್ತೆ ಕೇಳಿದರೆ “ಹೌದ್ರಿ, ಹೌದ್ರಿ” ಎಂದು ನಕ್ಕು ಗಾಡಿಯ ಕಡೆ ನಡೆದ. ಆಗ ಕಳ್ಳ ಮರಳಿನ ಗಾಡಿಗಳ ಸುದ್ದಿ ಎಲ್ಲೆಡೆ ಇತ್ತು. ಈ ಕಾಕಾ ಏನೋ ಮುಚ್ಚಿಡುತ್ತಿದ್ದಾನೆ ಎಂದು ಮನಸ್ಸು ಹೇಳಿತು.

ಆದರೂ ಕೂರಿಸಿದೆ. ಏರ್ ಹಾರ್ನಿನ ಸದ್ದು ಕಾನೂನಿನ ಮಿತಿ ಮೀರುತ್ತದೆ ಎಂಬುದು ನನಗೆ ಗೊತ್ತಿತ್ತು. ನಾನು ಹಾಕದಿದ್ದರೆ ಎದುರಿನ ಅಂಗಡಿಯವ ಹಾಕುತ್ತಾನೆ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದ ಕಾಲ ಅದು.

ಕೆಲಸ ಮಾತ್ರ ಶಿಸ್ತಿನದು. ಮುಂದಿನ ಜಾಲರಿಯ ಹಿಂದೆ ಎರಡು ತುತ್ತೂರಿ, ನೀರು ನಿಲ್ಲಬಾರದೆಂದು ಬಾಯಿ ತುಸು ಕೆಳಗೆ ಬಾಗಿಸಿ. ಪಕ್ಕದಲ್ಲೇ ಗಾಳಿ ಒತ್ತುವ ಹನ್ನೆರಡು ವೋಲ್ಟಿನ ಪುಟ್ಟ ಕಂಪ್ರೆಸರ್. ಬ್ಯಾಟರಿಯಿಂದ ದಪ್ಪ ವಾಯರ್, ನಡುವೆ ಇಪ್ಪತ್ತು ಆಂಪಿಯರ್ ಫ್ಯೂಸ್, ಆಮೇಲೆ ರಿಲೇ. ರಿಲೇ ಎಂದರೆ ಸ್ಟೀರಿಂಗಿನ ಗುಂಡಿಯಿಂದ ಬರುವ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್. ಅದಿಲ್ಲದೆ ನೇರ ಜೋಡಿಸಿದರೆ ಗುಂಡಿಯೇ ಸುಟ್ಟುಹೋಗುತ್ತದೆ.

ಬಾನೆಟ್ ಕೆಳಗಿನಿಂದ ಶ್ರೀಶೈಲಣ್ಣ “ಒತ್ರಿ” ಎಂದು ಎರಡು ಸಲ ಕೂಗಿದ. ಸ್ಟೀರಿಂಗ್ ಮುಂದೆ ಕೂತ ಸಂಗಪ್ಪ ಒತ್ತಲಿಲ್ಲ. ಬಾನೆಟ್ ಬಡಿದ ಮೇಲೆ ಒತ್ತಿದ. ಆಮೇಲೆ ಇಳಿದು ಬಂದು ತುತ್ತೂರಿಯ ಎದುರೇ ನಿಂತು, ನನ್ನಿಂದ ಮತ್ತೊಮ್ಮೆ ಒತ್ತಿಸಿದ. “ಈಗ ಬಂತ ನೋಡ್ರಿ” ಎಂದು ಖುಷಿಯಿಂದ ಹೋದ.

ನಾಲ್ಕೇ ದಿನಕ್ಕೆ ತಿರುಗಿ ಬಂದ. “ಅಂಗಡ್ಯಾಗ ಕೂಗ್ತೈತಿ, ರೋಡಿನ್ಯಾಗ ಸಾಯ್ತೈತಿ.”

ಇಂಥ ದೂರು ಎಲೆಕ್ಟ್ರಿಷಿಯನ್ನಿನ ನಿದ್ದೆಗೆಡಿಸುತ್ತದೆ. ನಿಂತಾಗ ಸರಿ ಇರುವುದು ಓಡುವಾಗ ಕೆಡುತ್ತದೆಂದರೆ ಎಲ್ಲೋ ಸಡಿಲ ಜೋಡಣೆ ಇರಬೇಕು, ಇಲ್ಲವೇ ರಿಲೇ ಬಿಸಿಯಾಗಿ ಕೈಕೊಡುತ್ತಿರಬೇಕು. ಹಾರ್ನ್ ಪೂರ್ತಿ ಬಿಚ್ಚಿದೆ. ವೋಲ್ಟೇಜ್ ಸರಿ, ಅರ್ಥ್ ಸರಿ, ಗಾಳಿಯ ನಳಿಕೆ ಸರಿ. ರಿಲೇ ಹೊಸದು ಹಾಕಿ ಕಳಿಸಿದೆ. ಮುಂದಿನ ವಾರ ಅದೇ ಮಾತು. ಈ ಸಲ ನನಗೆ ಹೇಳುವ ಮೊದಲು ಚಹಾದಂಗಡಿಯಲ್ಲಿ ಹೇಳಿ ಬಂದಿದ್ದ, ಬಿ.ಇ. ಸಾಹೇಬರು ಡುಪ್ಲಿಕೇಟ್ ಮಾಲು ಹಾಕ್ಯಾರ ಅಂತ. ಮರುದಿನದಿಂದ ನನ್ನ ಖಾಯಂ ಗಿರಾಕಿಗಳಾದ ಮೂರು ಪಿಕಪ್ ಎದುರಿನ ಅಂಗಡಿಯ ಮುಂದೆ ನಿಲ್ಲತೊಡಗಿದವು. ಎಂಟು ತಿಂಗಳ ಅಂಗಡಿಗೆ ಹೆಸರೊಂದೇ ಬಂಡವಾಳ. ಆ ಹೆಸರು ನನ್ನ ಕಣ್ಣೆದುರೇ ಚಹಾದ ಕಪ್ಪಿನಲ್ಲಿ ಕರಗುತ್ತಿತ್ತು.

ಎರಡನೇ ಸಲ ಬಿಚ್ಚಿದಾಗ ಕಂಪ್ರೆಸರಿನ ಮೇಲೆ ಕಂಪನಿಯ ಚೀಟಿ ಇರಲಿಲ್ಲ. ಕೂರಿಸುವಾಗ ಇತ್ತೇ? ನೆನಪಾಗಲಿಲ್ಲ. ನೆನಪಾಗದ ಜಾಗದಲ್ಲಿ ಅನುಮಾನ ಬಂದು ಕೂತಿತು. ಹಾರ್ನ್ ಕೂರಿಸಿದ ಕೈ ಶ್ರೀಶೈಲಣ್ಣನದು. ಅವನು ಎದುರಿನ ಅಂಗಡಿಯಿಂದ ಬಂದವನು. ಗಿರಾಕಿ ಹೋಗುತ್ತಿರುವುದೂ ಅಲ್ಲಿಗೇ. ಅಸಲಿ ಕಂಪ್ರೆಸರ್ ತೆಗೆದು ಡುಪ್ಲಿಕೇಟ್ ಕೂರಿಸಿರಬಹುದೇ ಎನಿಸಿತು. ಅವನು ಫ್ಯೂಸ್ ತರಲು ಪೇಟೆಗೆ ಹೋದಾಗ, ಗೂಟಕ್ಕೆ ತೂಗುಹಾಕಿದ್ದ ಅವನ ಸಾಮಾನಿನ ಚೀಲ ಇಳಿಸಿ ಜಿಪ್ ಎಳೆದೆ. ಪಕ್ಕಡ, ಟೆಸ್ಟರ್, ಟೇಪು, ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ. ಬೇರೇನೂ ಇರಲಿಲ್ಲ. ಇದ್ದಂತೆಯೇ ಜೋಡಿಸಿ ಗೂಟಕ್ಕೆ ಹಾಕಿದೆನೆಂದುಕೊಂಡೆ.

ಅವನು ಬಂದು ಚೀಲ ತೆಗೆದ, ಒಳಗೆ ನೋಡಿದ. ಆಮೇಲೆ ಹೇಳಿದ:

“ಚೀಲಾ ನೋಡಬೇಕಿತ್ತಂದ್ರ ನನ್ನ ಕೇಳ್ರಿ ಸರ್ರ. ನಾನ ಬಿಚ್ಚಿ ತೋರಸ್ತಿದ್ದೆ.”

ನಾನು ಮೀಟರ್ ಎತ್ತಿಕೊಂಡು ಬಾನೆಟ್ಟಿನ ಕಡೆ ತಿರುಗಿದೆ. ಅವನು ಹಾರ್ನ್ ಮತ್ತೆ ಕೂರಿಸಿದ.

ಇನ್ನುಳಿದವನು ಸಂಗಪ್ಪ. ಬೇಕೆಂದೇ ಹೆಸರು ಕೆಡಿಸುತ್ತಿದ್ದಾನೆ ಎಂದು ತೀರ್ಮಾನಿಸಿ, ಸುಳ್ಳು ಹಿಡಿಯಲೆಂದೇ ಅವನ ಪಕ್ಕ ಕೂತು ಸಿಂದಗಿ ರಸ್ತೆಗೆ ಹೊರಟೆ. ಊರು ದಾಟಿದ ಮೇಲೆ ಹಾರ್ನ್ ಒತ್ತಿದ. ನನ್ನ ಎದೆಗೂಡು ನಡುಗಿತು. ಅವನು ನನ್ನ ಕಡೆ ತಿರುಗಿ, “ನೋಡ್ರಿ, ಬರೇ ಉಸುರು” ಎಂದ. ನನಗೆ ಮೈಯೆಲ್ಲ ಉರಿಯಿತು. ಇಷ್ಟು ಧೈರ್ಯದ ಸುಳ್ಳನ್ನು ನಾನು ಕಂಡಿರಲಿಲ್ಲ.

ಜಗಳ ತೆಗೆಯಬೇಕು ಅನ್ನುವಷ್ಟರಲ್ಲಿ ಟಿಕ್ ಟಿಕ್ ಸದ್ದು ಗಮನಕ್ಕೆ ಬಂತು. ಊರೊಳಗಿನ ತಿರುವಿನಲ್ಲಿ ಹಾಕಿದ್ದ ಇಂಡಿಕೇಟರ್ ಎರಡು ಕಿಲೋಮೀಟರ್ ಆದರೂ ಹೊಡೆದುಕೊಳ್ಳುತ್ತಲೇ ಇತ್ತು. ಬಂದ್ ಮಾಡ್ರಿ ಕಾಕಾ ಎಂದೆ. ಮಾಡಲಿಲ್ಲ. ಹಿಂದಿನಿಂದ ಬಸ್ಸೊಂದು ದಾರಿ ಕೇಳುತ್ತ ಬಡಿದುಕೊಳ್ಳುತ್ತಿತ್ತು. ಅವನು ನಡುರಸ್ತೆ ಬಿಡಲಿಲ್ಲ. ನಾನು ಮುಖವನ್ನು ಕಿಟಕಿಯ ಕಡೆ ತಿರುಗಿಸಿ, ಸಹಜ ದನಿಯಲ್ಲಿ ಹೇಳಿದೆ:

“ಕಾಕಾ, ನಿಮ್ಮ ಗಾಡಿಗಿ ಬ್ರೇಕ್ ಇಲ್ಲ.”

ಸಂಗಪ್ಪ ಅರಾಮಾಗಿ ಗೇರ್ ಬದಲಿಸಿದ.

ಭುಜ ಮುಟ್ಟಿ, ಕೈಸನ್ನೆ ಮಾಡಿ ಗಾಡಿ ಬದಿಗೆ ಹಾಕಿಸಿದೆ. ಎದುರು ಬದುರು ಕೂತು, ಕಿವಿ ಕೇಳುವುದಿಲ್ಲವೇ ಎಂದು ತುಟಿ ಕಾಣುವಂತೆ ನಿಧಾನವಾಗಿ ಕೇಳಿದೆ. ಮೊದಲು ಸಿಟ್ಟಿಗೆದ್ದ. ಆಮೇಲೆ ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಹೇಳಿದ. ಪಿಕಪ್ ಕೊಳ್ಳುವ ಮೊದಲು ಹದಿನೆಂಟು ವರ್ಷ ಜೋಳ, ತೊಗರಿ ರಾಶಿ ಮಾಡುವ ಮಷಿನ್ನಿನ ಮುಂದೆ ನಿಂತಿದ್ದನಂತೆ. ಎರಡು ವರ್ಷದಿಂದ ಕಿವಿಯಲ್ಲಿ ಗುಂಯ್ ಎನ್ನುತ್ತದಂತೆ. ಹಾರ್ನ್ ಸೋತಿದೆ ಎಂದು ಅವನು ನಿಜವಾಗಿಯೇ ನಂಬಿದ್ದ. ತುತ್ತೂರಿಯ ಎದುರು ನಿಂತಾಗ ಕೇಳಿದ್ದು ಎಂಜಿನ್ ಸದ್ದಿನ ನಡುವೆ ಕೇಳುತ್ತಿರಲಿಲ್ಲ, ಅಷ್ಟೇ.

“ಮಂದಿಗಿ ಗೊತ್ತಾದ್ರ ನನಗ ಲೋಡ್ ಯಾರು ಕೊಡ್ತಾರ?” ಎಂದ.

ಚಹಾದಂಗಡಿಯಲ್ಲಿ ಒಂದೇ ಮಾತು ಹೇಳಿದ್ದರೆ ನನ್ನ ಹೆಸರು ಆ ಸಂಜೆಯೇ ಉಳಿಯುತ್ತಿತ್ತು. ಹೇಳಬೇಕೆಂದು ನಾಲಿಗೆಯ ತುದಿಗೆ ಬಂದದ್ದೂ ನಿಜ. ನಾನು ಹೇಳಲಿಲ್ಲ. ಬದಲಿಗೆ ಅವನ ಮುಂದೆ ಒಂದು ಷರತ್ತು ಇಟ್ಟೆ: ಕಿವಿ ತೋರಿಸುವ ತನಕ ಸ್ಟೀರಿಂಗ್ ಮುಟ್ಟಬಾರದು. ಅಲ್ಲಿಂದ ಗಾಡಿ ನಾನೇ ತಿರುಗಿಸಿ ತಂದೆ. ವಿಜಯಪುರದ ಕಿವಿ ಡಾಕ್ಟರರ ಹತ್ತಿರವೂ ನಾನೇ ಕರೆದೊಯ್ದೆ. ಎರಡೂ ಕಿವಿಗೆ ಮಷಿನ್ ಬೇಕು, ಅದು ಒಗ್ಗುವ ತನಕ ಗಾಡಿ ನಡೆಸಬೇಡಿ ಎಂದರು. ತಿಂಗಳೊಪ್ಪತ್ತು ಅವನ ತಮ್ಮ ಪಿಕಪ್ ನಡೆಸಿದ. ಆ ದಿನಗಳಲ್ಲಿ ನನ್ನ ಅಂಗಡಿಯ ಮುಂದೆ ನೆರಳಿಗೂ ಒಂದು ಗಾಡಿ ನಿಲ್ಲಲಿಲ್ಲ.

ಮೇ ಕೊನೆಗೆ ಸಂಗಪ್ಪ ಬಂದ. ಕಿವಿಯ ಹಿಂದೆ ಹುರುಳಿಕಾಳಿನ ಬಣ್ಣದ ಮಷಿನ್. ಎಂಜಿನ್ ಬಂದ್ ಮಾಡದೆ ನನ್ನನ್ನು ಕೈಬೀಸಿ ಕರೆದ.

“ಸಾಹೇಬ್ರ, ಇದು ಯಾವಾಗಿಂದ ಟಿಕ್ ಟಿಕ್ ಅನ್ನಾಕತ್ತೈತಿ?”

“ಇಂಡಿಕೇಟರ್ರಿ ಕಾಕಾ. ಮೊದಲಿಂದ್ಲೂ ಅಂತೈತಿ.”

ಅವನು ಬಹಳ ಹೊತ್ತು ಅದನ್ನೇ ಕೇಳುತ್ತ ಕೂತ. ಆಮೇಲೆ ಏರ್ ಹಾರ್ನ್ ತೆಗೆಯಿರಿ, ತಲೆ ಒಡೆಯುತ್ತದೆ ಎಂದ. ಮೂರನೇ ಸಲ ಬಿಚ್ಚಿದೆ, ಕಂಪನಿ ಹಾರ್ನನ್ನೇ ಜೋಡಿಸಿದೆ. ಚಹಾದಂಗಡಿಯಲ್ಲಿ ಅವನೇ ಸಾರಿದನಂತೆ: “ಹಾರ್ನ್ ಛಲೋನ ಇತ್ತೋ, ಕಿವಿ ಡುಪ್ಲಿಕೇಟ್ ಇದ್ದವು.” ಮೂರೂ ಪಿಕಪ್ ತಿರುಗಿ ಬಂದವು.

ಅಂದಿನಿಂದ ಏರ್ ಹಾರ್ನ್ ಕೂರಿಸುವುದನ್ನು ನಿಲ್ಲಿಸಿದ್ದೇನೆ. ಯಾರಾದರೂ ಹಾರ್ನ್ ಕೇಳುತ್ತಿಲ್ಲ ಎಂದರೆ, ಮೀಟರ್ ಹಚ್ಚುವ ಮೊದಲು ಅವರ ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಮೆಲ್ಲಗೆ ಕರೆಯುತ್ತೇನೆ. ಇದು ಯಾವ ಸೆಮಿಸ್ಟರಿನಲ್ಲೂ ಇರದ ಪಾಠ.

ಇನ್ನೊಂದು ಪಾಠ ಗೂಟದ ಮೇಲಿದೆ. ಶ್ರೀಶೈಲಣ್ಣನಿಗೆ ಆಮೇಲೆ ತಪ್ಪಾಯಿತು ಎಂದೆ. “ಆತ ಬಿಡ್ರಿ” ಎಂದ. ಇಂದಿಗೂ ನನ್ನ ಜೊತೆಗೇ ಇದ್ದಾನೆ. ದಿನಾ ಬೆಳಿಗ್ಗೆ ಬಂದು ಚೀಲ ತೂಗುಹಾಕಿ, ಜಿಪ್ ಪೂರ್ತಿ ತೆರೆದಿಟ್ಟು ಕೆಲಸಕ್ಕೆ ಕೂಡುತ್ತಾನೆ. ಧೂಳು ಬೀಳುತ್ತದೆ, ಮುಚ್ಚಣ್ಣಾ ಎಂದು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.