ಜಡ್ಜ್ ಸಾಹೇಬರ ಎಡ ತೋಳು

ನಲವತ್ತು ವರ್ಷ ಕಪ್ಪು ಕೋಟುಗಳನ್ನೇ ಹೊಲಿದ ಆ ಕೋರ್ಟು ಬೀದಿಯ ದರ್ಜಿಯನ್ನು ಜನ ಕರೆಯುತ್ತಿದ್ದದ್ದೇ ಕಪ್ಪಣ್ಣ ಎಂದು. ಆಳು ಮಾತ್ರ ಟೊಮೇಟೊ ಹಣ್ಣಿನಂತೆ ಕೆಂಪಗಿದ್ದ. ಟೇಪು ಕೈಗೆ ಬಂತೆಂದರೆ ಕಪ್ಪಿನ ಪುರಾಣ ಬಿಚ್ಚದೆ ಬಿಡುವವನಲ್ಲ.

"ಗಟ್ಟಿ ಕಪ್ಪು ಒಂದು ಕಾಲಕ್ಕೆ ಸಿರಿವಂತರ ಸೊತ್ತು ಸ್ವಾಮಿ. ಬಡವರ ಕಪ್ಪು ಎರಡು ಒಗೆತಕ್ಕೆ ಬೂದಿ. ಆಮೇಲೆ ಇಂಗ್ಲೆಂಡಲ್ಲಿ ಯಾವನೋ ರಾಜ ಸತ್ತ, ವಕೀಲರು ಶೋಕಕ್ಕೆ ಅಂತ ಕಪ್ಪು ತೊಟ್ರು. ಅಳು ನಿಂತು ಎಷ್ಟೋ ತಲೆಮಾರಾಯ್ತು, ಕೋಟು ಇನ್ನೂ ಬಿಚ್ಚಿಲ್ಲ! ಈಗ ನೋಡಿ, ತೀರ್ಪು ಕೊಡೋರಿಗೂ ಕಪ್ಪೇ, ಹೋಟ್ಲಲ್ಲಿ ನೀರು ತಂದಿಡೋನಿಗೂ ಕಪ್ಪೇ."

ಇಂಥ ಮಹಾರಥಿಗೂ ಮನೆಯೊಳಗೇ ಶತ್ರು ಹುಟ್ಟಿತ್ತು: ಅವನ ಕಣ್ಣು. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣದೆ ಆರು ತಿಂಗಳಾಗಿತ್ತು. ಬೆರಳಲ್ಲೇ ತಡವಿ ಹೊಲಿಯುತ್ತಿದ್ದ. ಹೆಂಡತಿಗೆ ತಿಳಿದರೆ ಮಷೀನು ಮಾರಿಸಿಬಿಡುತ್ತಾಳೆಂದು ತುಟಿ ಹೊಲಿದುಕೊಂಡಿದ್ದ.

ಒಂದು ಮಧ್ಯಾಹ್ನ ಅವಳು ಊಟದ ಡಬ್ಬಿ ತಂದವಳು, ನೇತುಹಾಕಿದ್ದ ಕೋಟನ್ನು ಬಾಗಿಲ ಬಿಸಿಲಿಗೆ ಹಿಡಿದಳು.

"ರೀ, ಇದು ಯಾರದು?"

"ಜಡ್ಜ್ ಸಾಹೇಬರದ್ದು. ಸಂಜೆ ಬರ್ತಾರೆ."

"ಎಡ ತೋಳು ನೀಲಿ ಇದೆಯಲ್ಲ! ಸಾಹೇಬರು ಅರ್ಧ ದಿನ ನೀಲಿ ಯೂನಿಫಾರ್ಮ್ ಹಾಕ್ಕೊಂಡು ಬಸ್ ಓಡಿಸ್ತಾರಾ?"

"ಅದೂ ಕಪ್ಪೇ ಕಣೇ. ಟ್ಯೂಬ್‌ಲೈಟಿಗೆ ಹಿಡಿದು ನೋಡು."

"ಸಾಹೇಬರು ಟ್ಯೂಬ್‌ಲೈಟ್ ಹೊತ್ಕೊಂಡು ತಿರುಗ್ತಾರಾ? ತಗೊಳ್ಳಿ, ಈ ಸೂಜಿಗೆ ದಾರ ಪೋಣಿಸಿ."

ಕಪ್ಪಣ್ಣ ದಾರದ ತುದಿಯನ್ನು ನಾಲಗೆಗೆ ತಾಗಿಸಿ, ಎದೆಯುಬ್ಬಿಸಿ ಏಳು ಬಾರಿ ದಂಡೆತ್ತಿ ಹೋದ. ಏಳು ಬಾರಿಯೂ ಸೂಜಿಯೇ ಗೆದ್ದಿತು. ಸ್ಟೂಲಿನ ಮೇಲೆ ಕುಸಿದು ಕೂತ.

"ಮಷೀನು ಮಾರ್ತೀಯಾ?"

"ಮಾರಿದ್ರೆ ಮನೇಲಿ ಕೂತು ಆ ಸತ್ತ ರಾಜನ ಕಥೇನ ನನಗೇ ಹೇಳ್ತೀರಿ. ನಾಳೆ ಕಣ್ಣಿನ ಡಾಕ್ಟರ ಹತ್ರ ನಡೀರಿ. ಅಲ್ಲೀತನಕ ಬಣ್ಣ ನಂದು, ಕತ್ತರಿ ನಿಮ್ದು."

ಅವಳು ನೀಲಿ ತೋಳು ಬಿಚ್ಚಿ, ಬಟ್ಟೆಯ ಥಾನುಗಳನ್ನೆಲ್ಲ ಬಾಗಿಲಿಗೆ ತಂದು ಕಪ್ಪು ಆರಿಸಿದಳು. ಅವನು ಕತ್ತರಿಸಿ ಜೋಡಿಸಿದ. ಸಾಹೇಬರು ಬರುವಷ್ಟರಲ್ಲಿ ಇಸ್ತ್ರಿಯೂ ಆಗಿತ್ತು. ಅವರು ಕನ್ನಡಿಯ ಮುಂದೆ ಎರಡು ಸುತ್ತು ತಿರುಗಿ, "ಭೇಷ್! ಮುಂದಿನ ವಾರ ಇನ್ನೊಂದಕ್ಕೆ ಬರ್ತೀನಿ" ಎಂದರು.

"ಮುಂದಿನ ವಾರ ಇವರು ಸಿಗೋದು ಅನುಮಾನ ಸಾರ್," ಎಂದಳು ಹೆಂಡತಿ. "ಕಣ್ಣು ತೋರಿಸಬೇಕು. ಕಪ್ಪು ಯಾವುದು, ನೀಲಿ ಯಾವುದು ತಿಳೀತಿಲ್ಲ."

ಕಪ್ಪಣ್ಣನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಸಾಹೇಬರು ಬೀದಿಯತ್ತ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಯಾವ ಡಾಕ್ಟರ ಹತ್ರ ಹೋಗ್ತೀರಮ್ಮಾ? ನನಗೂ ಈಚೆಗೆ ಕಾಗದದ ಮೇಲೆ ಏನು ಬರೆದಿದ್ದಾರೋ ಕಾಣಲ್ಲ. ವಕೀಲರು ಜೋರಾಗಿ ಓದೋದ್ರಿಂದ ಹೇಗೋ ನಡೀತಿದೆ."